ಏರಿಸೋಕೆ ಎಲ್ಲರಿಗೂ ಬರುತ್ತೆ, ಇಳಿಸೋಕೆ?

ಭಾಗ 1/10

ಈ ಥರದ ಫೋಟೋ ನಿಮ್ಮ ಫೀಡಿಗೂ ಬಂದಿರುತ್ತೆ. ನೀಲಿ ಕಡಲು, ದೋಣಿಯ ಮುಂದೆ ಬಲೂನಿನ ಹಾಗೆ ಉಬ್ಬಿದ ಕೆಂಪು-ಹಳದಿ ಪಟ, ಕೆಳಗೆ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ನಗ್ತಿರೋ ಇಬ್ಬರು. ನಾವೂ ಎರಡು ಸಲ ಟ್ಯಾಪ್ ಮಾಡಿ ಮುಂದೆ ಹೋಗ್ತೀವಿ.

ಆ ಪಟಕ್ಕೆ ಸ್ಪಿನ್ನೇಕರ್ ಅಂತ ಹೆಸರು. ಗಾಳಿ ಬೆನ್ನ ಕಡೆಯಿಂದ ಬರುವಾಗ ದೋಣಿಯನ್ನ ಎಳ್ಕೊಂಡು ಹೋಗೋಕೆ ಬಿಚ್ಚೋ ದೊಡ್ಡ, ತೆಳ್ಳನೆಯ ಪಟ.

ಈಗ ಹೇಳಿ, ಅದೇ ಪಟ ಇಳಿಸ್ತಿರೋ ಫೋಟೋ ಎಷ್ಟು ನೋಡಿದೀರ? ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಕಾರಣ ಸುಲಭ. ಇಳಿಸೋ ಹೊತ್ತಿಗೆ ಇಬ್ಬರ ನಾಲ್ಕೂ ಕೈಗೆ ಕೆಲಸ ಇರುತ್ತೆ, ಮೊಬೈಲ್ ಹಿಡಿಯೋಕೆ ಐದನೇ ಕೈ ಇರಲ್ಲ.

ಈ ಹತ್ತು ಪೋಸ್ಟಿನಲ್ಲಿ ನಾನು ಹೇಳೋಕೆ ಹೊರಟಿರೋದನ್ನ ಮೊದಲೇ ಹೇಳಿಬಿಡ್ತೀನಿ. ಇಬ್ಬರೇ ಇರೋ ದೋಣಿಯಲ್ಲಿ, ಆ ಇಬ್ಬರಲ್ಲಿ ಯಾರೇ ಆಗಲಿ ಒಬ್ಬರೇ ನಿಂತು ಇಳಿಸಬಲ್ಲರು ಅನ್ನೋದು ಖಾತ್ರಿ ಆಗದೆ ಈ ಪಟ ಏರಿಸಬಾರದು. ಅದನ್ನ ಸಾಧ್ಯ ಮಾಡೋ ಒಂದು ಸಾದಾ ಸಾಧನ ಇದೆ, ಸ್ನಫರ್ ಅಂತ. ಅದನ್ನ ಬಳಸಿದ್ರೆ ನಾಚಿಕೆ ಪಡಬೇಕಾಗಿಲ್ಲ. ಹಾಗಂತ ಅದೊಂದಿದೆ ಅನ್ನೋ ಧೈರ್ಯದ ಮೇಲೆ ಕೂತ್ರೂ ಕಷ್ಟ. ಯಾಕೆ ಅಂತ ನಿಧಾನಕ್ಕೆ ನೋಡೋಣ. ಸ್ವೈಪ್ ಮಾಡ್ತಾ ಬನ್ನಿ.

ಭಾಗ 2/10

"ಕೋಲಾರದಲ್ಲಿ ಕೂತ್ಕೊಂಡು ಸಮುದ್ರದ ಮಾತಾ ಮಗಾ?" ಅಂತ ಕಾಮೆಂಟ್ ಬೀಳುತ್ತೆ, ಗೊತ್ತು. ನಮಗೆ ಕಡಲಿಲ್ಲ, ವರ್ಷಪೂರ್ತಿ ಹರಿಯೋ ನದಿಯೂ ಇಲ್ಲ. ಇರೋದು ಕೆರೆಗಳು. ಅವುಗಳಲ್ಲೂ ಎಷ್ಟೋ ಕೆರೆ ನೀರು ಕಂಡಿದ್ದು 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಬರೋಕೆ ಶುರುವಾದ ಮೇಲೆ.

ಆದ್ರೆ ಗಾಳಿ ನಮಗೆ ಗೊತ್ತಿಲ್ವಾ? ಆಷಾಢ ಬಂದ್ರೆ ಗಾಳಿಪಟ ಹಿಡ್ಕೊಂಡು ಮಹಡಿ ಹತ್ತಿದವರು ನಾವು. ನಮ್ಮ ಭಾಷೆಯಲ್ಲಿ ಅದಕ್ಕೂ ಪಟ, ದೋಣಿಯ ಹಾಯಿಗೂ ಪಟ. ಗಾಳಿ ಜೋರಾದಾಗ ದಾರ ಬಿಡಬೇಕಾ, ಎಳೀಬೇಕಾ ಅನ್ನೋದು ಬೆರಳಿಗೇ ಗೊತ್ತಿರುತ್ತೆ. ಮಿಕ್ಕಿದ್ದು ಕಲಿಯೋ ವಿಷಯ.

ಕಡಲೂರಿನವರೇ ಆಗಬೇಕು ಅಂತಲೂ ಇಲ್ಲ. ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದ ಭಾರತದ ಮೊದಲ ತಂಡ ನೌಕಾಪಡೆಯದ್ದಲ್ಲ, ಸೇನೆಯ ಎಂಜಿನಿಯರುಗಳದ್ದು. ದೋಣಿ 'ತೃಷ್ಣಾ', 1985ರಲ್ಲಿ ಹೊರಟು 1987ರಲ್ಲಿ ವಾಪಸ್ ಬಂತು. ಇಲ್ಲೇ ಪಕ್ಕದ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಹಾಯಿದೋಣಿ ಓಡಿಸ್ತಾರೆ.

ಮತ್ತೆ ಇಬ್ಬರ ಮಾತು ಬಂದ್ರೆ ಈ ಹೆಸರುಗಳು ನೆನಪಿರಲಿ: ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಕೆ. ಮತ್ತು ರೂಪಾ ಎ. 2024ರ ಅಕ್ಟೋಬರ್ 2ಕ್ಕೆ ಗೋವಾ ಬಿಟ್ಟು 'ತಾರಿಣಿ'ಯಲ್ಲಿ ಇಬ್ಬರೇ ಲೋಕ ಸುತ್ತಿ 2025ರ ಮೇ 29ಕ್ಕೆ ಮರಳಿದರು. ತಾರಿಣಿ 56 ಅಡಿ ಉದ್ದದ, ಗೋವಾದಲ್ಲೇ ಕಟ್ಟಿದ ದೋಣಿ. ಒಬ್ಬರು ಮಲಗಿದಾಗ ಇನ್ನೊಬ್ಬರೇ ಇಡೀ ದೋಣಿ. ಈ ಸರಣಿಯಲ್ಲಿ ನಾನು ಮತ್ತೆ ಮತ್ತೆ ಬರೋದು ಈ ಮಾತಿಗೇ.

ನಮ್ಮ ಕ್ಲಾಸಲ್ಲೇ ಮರ್ಚೆಂಟ್ ನೇವಿ ಅಂತ ಕನಸು ಕಾಣೋರು ಇದ್ದೀರ, ಎನ್‌ಸಿಸಿ ನೇವಲ್ ವಿಂಗ್ ಬೇಕು ಅನ್ನೋರು ಇದ್ದೀರ. ನಾಳೆ ಯಾರ ಕೈಗೆ ಈ ಹಗ್ಗ ಬರುತ್ತೋ ಯಾರಿಗೆ ಗೊತ್ತು.

ಭಾಗ 3/10

ಮೊದಲು ಈ ಪಟ ಎಷ್ಟು ದೊಡ್ಡದು ಅಂತ ಅಳತೆ ಹಿಡಿಯೋಣ.

ಸುಮಾರು 40 ಅಡಿ ಉದ್ದದ ಪ್ರವಾಸದ ದೋಣಿಗೆ ಸ್ಪಿನ್ನೇಕರ್ ಹತ್ತಿರ ಹತ್ತಿರ 100 ಚದರ ಮೀಟರ್ ಇರುತ್ತೆ. ನಮ್ಮ ಲೆಕ್ಕದಲ್ಲಿ ಹೇಳಬೇಕಂದ್ರೆ 30x40 ಸೈಟಿಗಿಂತ ಸ್ವಲ್ಪ ಚಿಕ್ಕದು. ಮನೆ ಕಟ್ಟೋ ಸೈಟ್ ಪೂರ್ತಿ ಮುಚ್ಚೋ ಬಟ್ಟೆಯನ್ನ ಗಾಳಿಗೆ ಎತ್ತಿ ಹಿಡಿದ ಹಾಗೆ.

ಬಟ್ಟೆ ನೈಲಾನ್. ಝೆರಾಕ್ಸ್ ಹಾಳೆ ಚದರ ಮೀಟರಿಗೆ 70-75 ಗ್ರಾಂ ಇದ್ರೆ, ಹಗುರ ಗಾಳಿಯ ಸ್ಪಿನ್ನೇಕರ್ ಬಟ್ಟೆ ಅದರ ಅರ್ಧದ ಆಸುಪಾಸು. ಅಂದ್ರೆ ಇಡೀ ಪಟ ಚೀಲಕ್ಕೆ ತುಂಬಿದ್ರೆ ಒಬ್ಬರೇ ಕೈಯಲ್ಲಿ ಎತ್ಕೊಂಡು ಹೋಗಬಹುದು. ಇಲ್ಲೇ ಮೋಸ ಹೋಗೋದು. ಚೀಲದಲ್ಲಿ ಇದ್ದಾಗ ಅಷ್ಟು ಹಗುರ ಇದ್ದದ್ದು ಗಾಳಿ ತುಂಬಿದ ಮೇಲೆ ನಿಮ್ಮನ್ನೇ ಎತ್ತುತ್ತೆ.

ಇದು ಉಳಿದ ಪಟಗಳ ಹಾಗಲ್ಲ. ಮೇನ್‌ಸೇಲ್ ಅಂದ್ರೆ ದೊಡ್ಡ ಪಟದ ಒಂದು ಅಂಚು ಪೂರ್ತಿ ಕೂವೆಮರಕ್ಕೆ ಸಿಕ್ಕಿಸಿರುತ್ತೆ, ಕೆಳಗೊಂದು ಅಡ್ಡ ಮರ ಇರುತ್ತೆ. ಸ್ಪಿನ್ನೇಕರ್‌ಗೆ ಇರೋದು ಮೂರೇ ಮೂಲೆ, ಮೂರು ಹಗ್ಗ. ತುದಿಗೆ ಹ್ಯಾಲ್ಯಾರ್ಡ್, ಅದು ಮೇಲೆತ್ತೋ ಹಗ್ಗ. ಮುಂದಿನ ಕೆಳಮೂಲೆ ದೋಣಿಯ ಮೂತಿಗೆ. ಹಿಂದಿನ ಕೆಳಮೂಲೆಗೆ ಶೀಟ್. ಹೆಸರು ಶೀಟ್ ಅಂತಿದ್ರೂ ಅದು ಬಟ್ಟೆ ಅಲ್ಲ, ಹಗ್ಗ. ಮೊದಲ ದಿನ ಎಲ್ಲರಿಗೂ ಇಲ್ಲೇ ಗೊಂದಲ ಆಗುತ್ತೆ.

ಮೂರು ಮೂಲೆ ಬಿಟ್ರೆ ಇಡೀ ಪಟ ಸ್ವತಂತ್ರ. ಎಳೆಯೋ ಶಕ್ತಿ ಇರೋದೂ ಅದಕ್ಕೇ, ಕೈಗೆ ಸಿಗದೆ ಹೋಗೋದೂ ಅದಕ್ಕೇ.

ಭಾಗ 4/10

ಈಗ ಗಾಳಿಯ ಆಟ. ಇದೊಂದು ಅರ್ಥ ಆದ್ರೆ ಅರ್ಧ ವಿಷಯ ಅರ್ಥ ಆದ ಹಾಗೆ.

ಆಷಾಢದಲ್ಲಿ ಕೋಲಾರದಿಂದ ಮುಳಬಾಗಿಲು ಕಡೆ ಸೈಕಲ್ ಹೊಡೀರಿ. ಪಡುವಣ ಗಾಳಿ ಬೆನ್ನಿಗೆ. ಗಾಳಿ ಗಂಟೆಗೆ 30 ಕಿ.ಮೀ. ಇದೆ, ನೀವು 15ರಲ್ಲಿ ಹೋಗ್ತಿದೀರ ಅಂದ್ಕೊಳ್ಳಿ. ನಿಮ್ಮ ಬೆನ್ನಿಗೆ ತಾಗೋದು ಬರೀ 15. "ಗಾಳಿನೇ ಇಲ್ವಲ್ಲೋ, ಆರಾಮಾಗಿದೆ" ಅಂತೀರ. ಅದೇ ವೇಗದಲ್ಲಿ ಸೈಕಲ್ ಕೋಲಾರದ ಕಡೆ ತಿರುಗಿಸಿ ನೋಡಿ. ಮುಖಕ್ಕೆ 45. ಗಾಳಿ ಬದಲಾಗಿಲ್ಲ, ನೀವು ತಿರುಗಿದ್ದು ಅಷ್ಟೇ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ ಅಂತ ಫಿಸಿಕ್ಸಲ್ಲಿ ಓದಿದೀವಲ್ಲ. ವೇಗ ಮೂರು ಪಟ್ಟು ಅಂದ್ರೆ ಒತ್ತಡ ಒಂಬತ್ತು ಪಟ್ಟು.

ದೋಣಿಯಲ್ಲೂ ಇದೇ ಕತೆ. ನಿಜವಾದ ಗಾಳಿ 14 ನಾಟ್, ದೋಣಿ 6 ನಾಟಿನಲ್ಲಿ ಗಾಳಿ ಜೊತೆಗೇ ಓಡ್ತಿದೆ. (1 ನಾಟ್ ಅಂದ್ರೆ ಗಂಟೆಗೆ 1.852 ಕಿ.ಮೀ.) ಪಟಕ್ಕೆ ತಾಗೋದು 8 ನಾಟ್. ಟೀ ಕುಡೀತಾ ಕೂರಬಹುದು. 100 ಚದರ ಮೀಟರ್ ಪಟದ ಮೇಲೆ ಎಳೆತ ಹೆಚ್ಚು ಕಡಿಮೆ 120 ಕೆ.ಜಿ.

ಒಂದು ಅಲೆ ಬಂದು ದೋಣಿಯ ಹಿಂಭಾಗ ತಳ್ಳಿ, ದೋಣಿ ಗಾಳಿಗೆ ಅಡ್ಡ ತಿರುಗಿದ್ರೆ? ಪಟಕ್ಕೆ ತಾಗೋ ಗಾಳಿ 15 ನಾಟ್ ಆಗುತ್ತೆ. ಎಳೆತ ಮೂರೂವರೆ ಪಟ್ಟಿಗೂ ಮೇಲೆ, 400 ಕೆ.ಜಿ. ದಾಟುತ್ತೆ. ಅದೂ ಪಕ್ಕಕ್ಕೆ. ದೋಣಿ ಒಂದು ಮಗ್ಗುಲಿಗೆ ಬೀಳುತ್ತೆ, ಚುಕ್ಕಾಣಿ ನೀರಲ್ಲಿ ಹಿಡಿತ ಕಳ್ಕೊಳ್ಳುತ್ತೆ.

ಇಷ್ಟಕ್ಕೂ ಗಾಳಿ ಒಂದು ನಾಟೂ ಜಾಸ್ತಿ ಆಗಿಲ್ಲ. "ಆರಾಮಾಗಿದೆ" ಅನ್ನಿಸ್ತಿರೋದನ್ನ ನಂಬಬೇಡಿ ಅಂತ ಹೇಳೋದು ಇದಕ್ಕೇ.

ಭಾಗ 5/10

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಇದನ್ನ ಓದಿ ಸ್ವಲ್ಪ ಹೆದರಿಕೆ ಆದ್ರೆ ಒಳ್ಳೇದೇ.

ಎಂಟು ಜನ ಇರೋ ರೇಸ್ ದೋಣಿಯಲ್ಲಿ ಒಬ್ಬರು ನೀರಿಗೆ ಬಿದ್ದರು ಅಂದ್ಕೊಳ್ಳಿ. ಒಬ್ಬರು ಬಿದ್ದವರ ಕಡೆ ಕೈ ತೋರಿಸ್ತಾ ಕಣ್ಣು ಕೀಳದೆ ನಿಲ್ತಾರೆ, ಮೂವರು ಪಟ ಇಳಿಸ್ತಾರೆ, ಒಬ್ಬರು ಚುಕ್ಕಾಣಿ, ಇನ್ನೊಬ್ಬರು ರೇಡಿಯೋ.

ಇಬ್ಬರೇ ಇರೋ ದೋಣಿಯಲ್ಲಿ ಒಬ್ಬರು ಬಿದ್ರೆ ಉಳಿಯೋದು ಒಬ್ಬರು. ಕಣ್ಣು ಅವರದ್ದೇ, ಚುಕ್ಕಾಣಿ ಅವರದ್ದೇ, ಪಟವೂ ಅವರದ್ದೇ. ಮತ್ತೆ ಸ್ಪಿನ್ನೇಕರ್ ಉಬ್ಬಿರೋ ತನಕ ದೋಣಿ ಹಿಂದಕ್ಕೆ ತಿರುಗಲ್ಲ. ಬಲವಂತವಾಗಿ ತಿರುಗಿಸಿದ್ರೆ ಏನಾಗುತ್ತೆ ಅಂತ ಹಿಂದಿನ ಪೋಸ್ಟಲ್ಲಿ ನೋಡಿದ್ವಿ.

ಲೆಕ್ಕ ಹಾಕಿ. 7 ನಾಟ್ ಅಂದ್ರೆ ನಿಮಿಷಕ್ಕೆ 216 ಮೀಟರ್. ಪಟ ಇಳಿಸೋಕೆ ಐದು ನಿಮಿಷ ಹಿಡಿದ್ರೆ ದೋಣಿ ಒಂದು ಕಿಲೋಮೀಟರ್ ದಾಟಿರುತ್ತೆ. ಅಲೆಗಳ ಮಧ್ಯೆ ನೀರಿನ ಮೇಲೆ ಕಾಣೋದು ಒಂದು ತಲೆ, ತೆಂಗಿನಕಾಯಿ ಗಾತ್ರದ್ದು. ಒಂದು ಕಿಲೋಮೀಟರ್ ದೂರದಿಂದ ಹುಡುಕಿ ನೋಡೋಣ. ಅದೇ ಒಂದು ನಿಮಿಷದಲ್ಲಿ ಪಟ ಮುಚ್ಚಿದ್ರೆ? ಇನ್ನೂ ಇನ್ನೂರು ಚಿಲ್ಲರೆ ಮೀಟರ್. ಆಸೆ ಇದೆ.

ಅದಕ್ಕೇ ಸ್ನಫರ್ ಬಗ್ಗೆ ಮಾತಾಡುವಾಗ "ಅನುಕೂಲ" ಅನ್ನೋ ಪದ ನನಗೆ ಇಷ್ಟ ಆಗಲ್ಲ. ಅದು ವಾಪಸ್ ಹೋಗೋಕೆ ಸಿಗೋ ಸಮಯ. ನೀರಲ್ಲಿರೋ ಮನುಷ್ಯನ ಲೆಕ್ಕದಲ್ಲಿ ನೋಡಿದ್ರೆ ಬೇರೆ ಯಾವ ಚರ್ಚೆಯೂ ಉಳಿಯಲ್ಲ.

ಮೊದಲನೇದಾಗಿ ಬೀಳಲೇಬಾರದು. ಲೈಫ್ ಜಾಕೆಟ್, ದೋಣಿಗೆ ಕೊಂಡಿ ಹಾಕಿದ ಸೊಂಟದ ಹಗ್ಗ. ಮೂತಿ ಕಡೆ ಹೋಗುವಾಗ ಇದಿಲ್ಲದೆ ಒಂದು ಹೆಜ್ಜೆಯೂ ಬೇಡ. ಹೆಲ್ಮೆಟ್ ಬಗ್ಗೆ ಮನೇಲಿ ಹೇಳೋ ಮಾತಿನ ಹಾಗೇ ಇದು, ಬೇಜಾರಾದ್ರೂ ನಿಜ.

ಭಾಗ 6/10

ಸ್ನಫರ್ ಅಂದ್ರೆ ಏನು? ಕೆಲವರು ಸಾಕ್ ಅಂತಲೂ ಕರೀತಾರೆ, ಕಾಲುಚೀಲ. ಹೆಸರು ಸರಿಯಾಗೇ ಇದೆ.

ಮಡಚಿದ ಛತ್ರಿಗೆ ಬರೋ ಉದ್ದನೆ ಕವರ್ ನೆನೆಸ್ಕೊಳ್ಳಿ. ಅದನ್ನೇ ಕೂವೆಮರದಷ್ಟು ಉದ್ದ ಮಾಡಿ. ತೆಳು ಬಟ್ಟೆಯ ಕೊಳವೆ, ಕೆಳತುದಿಯಲ್ಲಿ ಲಾಳಿಕೆ ಥರದ ಗಟ್ಟಿ ಬಾಯಿ. ಪಟ ಈ ಕೊಳವೆ ಒಳಗೆ ಉದ್ದಕ್ಕೆ ಮಲಗಿರುತ್ತೆ.

ಮೇಲ್ತುದಿಯಲ್ಲಿ ಒಂದು ಪುಟ್ಟ ರಾಟೆ. ಅದರ ಮೇಲೆ ಹಾದು ಬರೋ ಹಗ್ಗದ ಎರಡೂ ಕಡೆ ಲಾಳಿಕೆಗೇ ಕಟ್ಟಿರುತ್ತೆ. ಬಾವಿ ರಾಟೆಯ ಲೆಕ್ಕವೇ. ಒಂದು ಕಡೆ ಎಳೆದ್ರೆ ಲಾಳಿಕೆ ಮೇಲಕ್ಕೆ ಹೋಗುತ್ತೆ, ಚೀಲ ತುದಿಯಲ್ಲಿ ನೆರಿಗೆ ಕಟ್ಟುತ್ತೆ, ಪಟ ಬಿಚ್ಚುತ್ತೆ. ಇನ್ನೊಂದು ಕಡೆ ಎಳೆದ್ರೆ ಲಾಳಿಕೆ ಕೆಳಕ್ಕೆ ಬರ್ತಾ ಪಟವನ್ನ ನುಂಗ್ತಾ ಬರುತ್ತೆ. ಅಷ್ಟೇ ಯಂತ್ರ. ಕರೆಂಟಿಲ್ಲ, ಗೇರಿಲ್ಲ.

ಇದರಲ್ಲಿರೋ ಬುದ್ಧಿ ನಮಗೆ ಹೊಸದಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳ ಹತ್ತಿರ ನೋಡಿ. ಮಳೆ ಬರೋ ಹಾಗಿದೆ, ಹಸಿ ಇಟ್ಟಿಗೆ ಮೇಲೆ ಪ್ಲಾಸ್ಟಿಕ್ ಶೀಟ್ ಹೊದಿಸಬೇಕು, ಇರೋದು ಇಬ್ಬರು. ಶೀಟನ್ನ ಪೂರ್ತಿ ಬಿಡಿಸಿ ಎತ್ತಿದ್ರೆ ಗಾಳಿ ಕಿತ್ಕೊಂಡು ಹೋಗುತ್ತೆ. ಸುತ್ತಿದ ಶೀಟನ್ನೇ ತಂದು, ಗಾಳಿ ಬರೋ ಕಡೆ ಅಂಚಿಗೆ ಭಾರ ಇಟ್ಟು, ಆಮೇಲೆ ಉರುಳಿಸ್ತಾ ಬಿಡಿಸಿದ್ರೆ ನಿಲ್ಲುತ್ತೆ.

ಸ್ನಫರ್ ಮಾಡೋದೂ ಇದನ್ನೇ. ಸುತ್ತಿದ ಹಾಗೇ ಮೇಲೇರಿಸು, ಎಲ್ಲಾ ಕಟ್ಟಿದ ಮೇಲೆ ಬಿಡಿಸು, ಇಳಿಸೋ ಮುಂಚೆ ಮತ್ತೆ ಸುತ್ತು. ಗಾಳಿ ತುಂಬಿದ ಬಟ್ಟೆಯ ಜೊತೆ ಕುಸ್ತಿ ಬೇಡ.

ಭಾಗ 7/10

ಏರಿಸೋ ಕ್ರಮ. ಸೇವ್ ಮಾಡಿಟ್ಕೊಳ್ಳಿ.

ಒಂದು, ದಡದಲ್ಲೇ ಕೆಲಸ ಶುರು. ಪಟ ಚೀಲದೊಳಗೆ ತಿರುಚಿಕೊಂಡಿಲ್ಲ ಅಂತ ಅಂಚು ಹಿಡಿದು ಪೂರ್ತಿ ನೋಡಿ. ಸ್ನಫರ್ ಹಗ್ಗ ಚೀಲದ ಸುತ್ತ ಸುತ್ತಿಕೊಂಡಿಲ್ಲ ಅಂತಲೂ. ಮುಂದೆ ಬರೋ ತೊಂದರೆಗಳಲ್ಲಿ ಬಹಳಷ್ಟು ಇಲ್ಲೇ ಹುಟ್ಟೋದು.

ಎರಡು, ದೋಣಿಯನ್ನ ಗಾಳಿ ಹಿಂದಿನಿಂದ ಬರೋ ಹಾಗೆ ತಿರುಗಿಸಿ. ಮೇನ್‌ಸೇಲ್ ಹೊರಗೆ ಬಿಡಿ, ಅದರ ಮರೆಯಲ್ಲಿ ಕೆಲಸ ಆಗಬೇಕು. ಮಹಡಿ ಮೇಲೆ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ಗಾಳಿಪಟಕ್ಕೆ ಬಾಲ ಕಟ್ತೀವಲ್ಲ, ಹಾಗೆ.

ಮೂರು, ಮುಂದಿನ ಚಿಕ್ಕ ಪಟವನ್ನ ಈಗಲೇ ಪೂರ್ತಿ ಸುತ್ತಿಡಬೇಡಿ. ಅದು ಅಡ್ಡ ಇದ್ರೆ ಸ್ಪಿನ್ನೇಕರ್ ಮುಂದಿನ ತಂತಿಗೆ ಸುತ್ತಿಕೊಳ್ಳೋದು ತಪ್ಪುತ್ತೆ. ಹಾಗೆ ಸುತ್ತಿಕೊಂಡ್ರೆ ಮರಳು ಗಡಿಯಾರದ ಆಕಾರ, ಮೇಲೊಂದು ಗುಳ್ಳೆ, ಕೆಳಗೊಂದು ಗುಳ್ಳೆ, ಮಧ್ಯೆ ಗಂಟು. ಬಿಡಿಸೋದು ದೊಡ್ಡ ತಲೆನೋವು.

ನಾಲ್ಕು, ಮೂಲೆಗಳಿಗೆ ಹಗ್ಗ ಕಟ್ಟಿ. ಶೀಟಿನ ಕೊನೆಯಲ್ಲಿ ಗಂಟು ಹಾಕಬೇಡಿ. ಬೇರೆ ಹಗ್ಗಗಳಿಗೆ ಕೊನೆಗಂಟು ಒಳ್ಳೇದು. ಸ್ಪಿನ್ನೇಕರ್ ಶೀಟ್ ಮಾತ್ರ ಬೇಕಾದಾಗ ಪೂರ್ತಿ ಓಡಿ ಹೋಗೋ ಹಾಗಿರಬೇಕು.

ಐದು, ಚೀಲ ಸಮೇತ ಮೇಲಕ್ಕೆ ಎಳೀರಿ. ಸಾಸೇಜ್ ಥರ ನೇತಾಡುತ್ತೆ, ಗಾಳಿ ಹಿಡಿಯಲ್ಲ. ಇನ್ನೂ ಸಮಯ ಇದೆ. ಎಲ್ಲಾ ಸರಿ ಇದೆಯಾ ಅಂತ ಕತ್ತೆತ್ತಿ ನೋಡಿ.

ಆರು, ಲಾಳಿಕೆ ಮೇಲೇರಿಸಿ. ಅರ್ಧ ದಾರಿಗೆ ಗಾಳಿಯೇ ಪಟ ಬಿಚ್ಚೋಕೆ ಶುರು ಮಾಡುತ್ತೆ, ಹಗ್ಗ ಸರ್ರನೆ ಓಡುತ್ತೆ. ಕೈಗೆ ಸುತ್ಕೋಬೇಡಿ. ಮಾಂಜಾ ದಾರಕ್ಕೆ ಬೆರಳು ಕೊಟ್ಟವರಿಗೆ ವಿವರಿಸಬೇಕಾಗಿಲ್ಲ, ಇದು ಅದಕ್ಕಿಂತ ಮೇಲೆ.

ಏಳು, ಆ ಹಗ್ಗವನ್ನ ಕೂವೆಮರದ ಬುಡದಲ್ಲಿ ಸಡಿಲವಾಗಿ ಕಟ್ಟಿಡಿ. ಕತ್ತಲಲ್ಲೂ ಕೈ ಹಾಕಿದ ತಕ್ಷಣ ಸಿಗಬೇಕು.

ಫೋಟೋ ಬೇಕಾ? ಈಗ ತಗೊಳ್ಳಿ. ಒಂದೇ.

ಭಾಗ 8/10

ಇಳಿಸೋ ಕ್ರಮ. ಇದಕ್ಕೋಸ್ಕರವೇ ಇಡೀ ಸರಣಿ.

ಎಲ್ಲರೂ ಸ್ನಫರನ್ನ ಬ್ರೇಕ್ ಅಂದ್ಕೊಳ್ತಾರೆ. ಉಬ್ಬಿದ ಪಟದ ಮೇಲೆ ಲಾಳಿಕೆ ಜಗ್ಗಿದ್ರೆ ಮುಚ್ಚುತ್ತೆ ಅಂತ. ಮುಚ್ಚಲ್ಲ. 120 ಕೆ.ಜಿ. ಎಳೆತದ ಎದುರು ನಿಮ್ಮ ತೋಳು ಏನು ಮಾಡುತ್ತೆ? ಹಗ್ಗ ನಿಮ್ಮನ್ನೇ ಮೇಲೆತ್ತುತ್ತೆ. ಸ್ನಫರ್ ಕೆಲಸ ಮಾಡೋದು ಗಾಳಿ ಕಳೆದ ಪಟದ ಮೇಲೆ ಮಾತ್ರ. ಹಾಗಾಗಿ ಮೊದಲು ಗಾಳಿ ತೆಗೀರಿ, ಆಮೇಲೆ ಚೀಲ ಎಳೀರಿ. ಈ ಸಾಲೊಂದು ನೆನಪಿದ್ರೂ ಸಾಕು.

ಒಬ್ಬರೇ ಇದ್ದಾಗ ಹೀಗೆ:

ಆಟೋಪೈಲಟ್ ಹಾಕಿ ದೋಣಿಯನ್ನ ಇನ್ನಷ್ಟು ಗಾಳಿ ದಿಕ್ಕಿಗೇ ತಿರುಗಿಸಿ. ಸ್ಪಿನ್ನೇಕರ್ ಮೇನ್‌ಸೇಲ್‌ನ ಮರೆಗೆ ಬಂದು ಸೊರಗುತ್ತೆ.

ಶೀಟನ್ನ ಧಾರಾಳವಾಗಿ ಬಿಡಿ, ಎರಡಡಿ ಮೂರಡಿ ಅಲ್ಲ. ಪಟ ಧ್ವಜದ ಹಾಗೆ ಪಟಪಟ ಹೊಡ್ಕೋಬೇಕು. ಆ ಸದ್ದಿಗೆ ಹೆದರಬೇಡಿ, ಶಕ್ತಿ ಹೋಗ್ತಿರೋ ಸದ್ದು ಅದು.

ಕೊಂಡಿ ಹಾಕ್ಕೊಂಡು ಮುಂದೆ ಹೋಗಿ. ಸ್ನಫರ್ ಹಗ್ಗವನ್ನ ಡೆಕ್ಕಿನ ಮೇಲಿನ ಒಂದು ರಾಟೆಯ ಮೂಲಕ ಹಾಯಿಸಿಟ್ಟಿದ್ರೆ ಎದ್ದು ನಿಲ್ಲದೆ, ಕೂತು ಎಳೀಬಹುದು. ಕೂತವರನ್ನ ಅಲೆ ಬೀಳಿಸೋದು ಕಷ್ಟ.

ಲಾಳಿಕೆ ಪೂರ್ತಿ ಕೆಳಗೆ ಬಂದ ಮೇಲೆ ನಿಧಾನಕ್ಕೆ ಹ್ಯಾಲ್ಯಾರ್ಡ್ ಬಿಟ್ಟು ಚೀಲ ಒಳಗೆ ತಗೊಳ್ಳಿ. ಮೇಲೇ ಬಿಟ್ಟು ಟೀಗೆ ಹೋಗಬೇಡಿ.

ಅರ್ಧದಲ್ಲಿ ಸಿಕ್ಕಿಹಾಕಿಕೊಂಡ್ರೆ? ಜಗ್ಗಬೇಡಿ. ಮತ್ತಷ್ಟು ಮರೆಗೆ ತಿರುಗಿಸಿ, ಇನ್ನಷ್ಟು ಶೀಟ್ ಬಿಡಿ, ಲಾಳಿಕೆ ಸ್ವಲ್ಪ ಮೇಲೆ ಬಿಟ್ಟು ಮತ್ತೆ ಎಳೀರಿ. ಆಗಲಿಲ್ವಾ, ಸ್ನಫರ್ ಇಲ್ಲ ಅಂದ್ಕೊಳ್ಳಿ. ಪಟದ ಕೆಳಅಂಚನ್ನ ಮೇನ್‌ಸೇಲ್‌ನ ಅಡ್ಡಮರದ ಕೆಳಗಿಂದ ಒಳಗೆ ಎಳ್ಕೊಳ್ತಾ, ಹ್ಯಾಲ್ಯಾರ್ಡ್ ಸ್ವಲ್ಪ ಸ್ವಲ್ಪ ಬಿಡಿ.

ಅದೂ ಆಗದೆ ಪ್ರಾಣಕ್ಕೇ ಬಂದ್ರೆ ಹಗ್ಗಗಳನ್ನ ಬಿಟ್ಟುಬಿಡಿ. ಪಟ ನೀರು ಪಾಲಾಗಲಿ. ಆದ್ರೆ ನೀರಲ್ಲಿರೋ ಪ್ರತಿ ಹಗ್ಗ ಒಳಗೆ ಬರೋವರೆಗೂ ಎಂಜಿನ್ ಹಾಕಬೇಡಿ. ಫ್ಯಾನಿಗೆ ಸುತ್ತಿಕೊಂಡ್ರೆ ಇದ್ದ ಎಂಜಿನ್ನೂ ಹೋಯ್ತು.

ಭಾಗ 9/10

ಈಗ ನನ್ನ ಮಾತಿಗೆ ಬರೋ ಆಕ್ಷೇಪಗಳು. ನ್ಯಾಯವಾಗಿ ನೋಡೋಣ.

"ಸ್ನಫರ್ ಕಲಿಯೋರಿಗೆ. ಗೊತ್ತಿರೋರಿಗೆ ಬೇಡ." ರೇಸಿನವರು ಸಾಮಾನ್ಯವಾಗಿ ಬಳಸಲ್ಲ, ನಿಜ. ಅವರ ಹತ್ತಿರ ಜನ ಇದ್ದಾರೆ, ಅವರಿಗೆ ಸೆಕೆಂಡುಗಳು ಮುಖ್ಯ. ಎಂಟು ಜನರ ಪದ್ಧತಿಯನ್ನ ಇಬ್ಬರ ದೋಣಿಗೆ ತಂದು ಇದೇ ಗಂಡಸುತನ ಅನ್ನೋದು ತಪ್ಪು ಲೆಕ್ಕ. ಮೆರವಣಿಗೆಯಲ್ಲಿ ಹತ್ತು ಜನ ಹೊರೋ ಪಲ್ಲಕ್ಕಿಯನ್ನ ಇಬ್ಬರು ಹೊತ್ತು ತೋರಿಸ್ತೀವಿ ಅಂದ ಹಾಗೆ.

"ಅದೂ ಒಂದು ಸಿಕ್ಕು. ಇನ್ನೊಂದು ಹಗ್ಗ, ಇನ್ನೊಂದು ರಾಟೆ, ಕೆಟ್ಟುಹೋಗೋಕೆ ಇನ್ನೊಂದು ವಸ್ತು." ಇದಕ್ಕೆ ನನ್ನ ಒಪ್ಪಿಗೆ ಇದೆ. ತಿರುಚಿದ ಚೀಲ ಇಲ್ಲದ ಚೀಲಕ್ಕಿಂತ ಕೆಟ್ಟದ್ದು. ಅದಕ್ಕೇ ದಡದಲ್ಲಿ ನೋಡೋದು, ಮತ್ತೆ ಸ್ನಫರ್ ಇಲ್ಲದೆ ಇಳಿಸೋದನ್ನೂ ಕಲಿಯೋದು.

"ಈಗ ಸುತ್ತೋ ಯಂತ್ರ ಬಂದಿದೆ, ಫರ್ಲರ್." ಬಂದಿದೆ. ಪಟವನ್ನ ಚಾಪೆ ಥರ ಸುತ್ತುತ್ತೆ, ಚುಕ್ಕಾಣಿ ಹತ್ತಿರವೇ ಕೂತು ಎಳೀಬಹುದು. ದುಬಾರಿ. ದುಡ್ಡಿದ್ರೆ ಹಾಕ್ಕೊಳ್ಳಿ. ಅದಕ್ಕೂ ಇದೇ ನಿಯಮ: ಒಬ್ಬರೇ ಮುಚ್ಚೋಕೆ ಬರಬೇಕು.

ನನಗೆ ನಿಜವಾಗಿ ತೂಕ ಇದೆ ಅನ್ನಿಸೋ ಆಕ್ಷೇಪ ನಾಲ್ಕನೇದು. ಸ್ನಫರ್ ಇದ್ರೆ ಜನ ಪಟವನ್ನ ಜಾಸ್ತಿ ಹೊತ್ತು ಬಿಟ್ಟಿರ್ತಾರೆ. "ಚೀಲ ಇದೆಯಲ್ಲ, ಆಮೇಲೆ ಎಳೆದ್ರಾಯ್ತು" ಅಂತ. ಗಾಳಿ 12 ಇದ್ದಾಗ ಒಂದು ನಿಮಿಷದ ಕೆಲಸ 18 ಆದಾಗ ಆಗೋದೇ ಇಲ್ಲ. ಚೀಲ ಅದೇ, ತೋಳು ಅದೇ, ಬದಲಾಗಿದ್ದು ಗಾಳಿ. ಸ್ನಫರ್ ಒಳ್ಳೇದು ಅಂತ ಹೇಳೋರು ಈ ಮಾತನ್ನ ಮುಚ್ಚಿಡಬಾರದು.

ಇನ್ನೊಂದು ಮಾತು, ಇದು ಹುಡುಗರಿಗೆ. ಜೋಡಿಯಾಗಿ ಹೋಗೋ ದೋಣಿಗಳಲ್ಲಿ ಅವರು ಮುಂದೆ ಹೋಗಿ ಪಟದ ಕೆಲಸ ಮಾಡೋದು, ಇವರು ಚುಕ್ಕಾಣಿ ಹಿಡಿದು "ಈಗ ಏನು ಮಾಡ್ಲಿ" ಅಂತ ಕೇಳೋದು ವಾಡಿಕೆ. ಮುಂದೆ ಹೋದವನೇ ಬೀಳೋ ಸಾಧ್ಯತೆ ಜಾಸ್ತಿ. ಅವನನ್ನ ಉಳಿಸಬೇಕಾದವಳಿಗೆ ಇಳಿಸೋಕೆ ಹೇಳಿಕೊಟ್ಟೇ ಇಲ್ಲ! ಕೆಲಸ ಅದಲು ಬದಲು ಮಾಡಿಕೊಳ್ಳಿ. ಅವಳು ಒಬ್ಬಳೇ ಇಳಿಸೋವರೆಗೂ ನಿಮ್ಮ ದೋಣಿಗೆ ಸ್ಪಿನ್ನೇಕರ್ ಇಲ್ಲ ಅಂತಲೇ ತಿಳ್ಕೊಳ್ಳಿ.

ಭಾಗ 10/10

ಹಾಗಾದ್ರೆ ಯಾವಾಗ ಇಳಿಸಬೇಕು? ಏರಿಸೋ ಮುಂಚೆ ತೀರ್ಮಾನ ಮಾಡಿದ ಹೊತ್ತಿಗೆ.

ನಮ್ಮದೇ ಕಡಲಿನ ಉದಾಹರಣೆ ತಗೊಳ್ಳೋಣ. ಚಳಿಗಾಲ, ಕಾರವಾರದಿಂದ ಮಂಗಳೂರು ಕಡೆ ಇಬ್ಬರು ಹೊರಟಿದ್ದಾರೆ. ಬೆಳಗ್ಗೆ ನೆಲದಿಂದ ಬೀಸೋ ಮೆಲುಗಾಳಿ. ಮಧ್ಯಾಹ್ನ ನೆಲ ಕಾದ ಮೇಲೆ ವಾಯುವ್ಯದಿಂದ ಕಡಲ ಗಾಳಿ ಬರುತ್ತೆ, ಸರಿಯಾಗಿ ಬೆನ್ನಿಗೆ. ಸ್ಪಿನ್ನೇಕರ್‌ಗೆ ಹೇಳಿ ಮಾಡಿಸಿದ ಹಾಗೆ. ಎರಡು ಗಂಟೆಗೆ 9 ನಾಟ್, ಮೂರಕ್ಕೆ 12. ದೋಣಿ ಓಡ್ತಿದೆ, ಖುಷಿ ಆಗ್ತಿದೆ. ಇಂಥ ಹೊತ್ತಲ್ಲಿ "ಇಳಿಸೋಣ" ಅನ್ನೋಕೆ ಯಾರಿಗೆ ಮನಸ್ಸು ಬರುತ್ತೆ? ಖುಷಿಯಲ್ಲಿರೋರ ಕೈಗೆ ಆ ತೀರ್ಮಾನ ಕೊಡಬಾರದು. ಬೆಳಗ್ಗೆಯೇ ಒಂದು ಚೀಟಿಯಲ್ಲಿ ಬರೆದು ಅಂಟಿಸಿ: ಗಾಳಿ 14 ನಾಟ್ ಮುಟ್ಟಿದ್ರೆ ಇಳಿಸೋದು. ಸಂಜೆ ಐದಾದ್ರೆ ಇಳಿಸೋದು. ಇಬ್ಬರಲ್ಲಿ ಒಬ್ಬರಿಗೆ ಇಳಿಸೋಣ ಅನ್ನಿಸಿದ್ರೆ ಇಳಿಸೋದು, ಕಾರಣ ಕೇಳೋ ಹಾಗಿಲ್ಲ. 14 ಅನ್ನೋದು ಶಾಸ್ತ್ರ ಅಲ್ಲ. ನಿಮ್ಮ ದೋಣಿ, ನಿಮ್ಮ ಪಟ, ನಿಮ್ಮ ಕೈ ನೋಡ್ಕೊಂಡು 12 ಬೇಕಾದ್ರೂ ಬರೀರಿ. ಬರೆದಿರಬೇಕು, ಅಷ್ಟೇ.

ಮೂರನೇ ಸಾಲು ನನಗೆ ಎಲ್ಲಕ್ಕಿಂತ ಮುಖ್ಯ. ಇಬ್ಬರಲ್ಲಿ ಜಾಸ್ತಿ ಹೆದರೋರ ಮಾತು ನಡೀಬೇಕು. "ಇನ್ನೊಂದು ಹತ್ತು ನಿಮಿಷ" ಅನ್ನೋರು ಸರಿ ಇದ್ರೆ ಸಿಗೋದು ಒಂದೆರಡು ಮೈಲಿ. ತಪ್ಪಾಗಿದ್ರೆ ಹೋಗೋದು ಏನು ಅಂತ ಐದನೇ ಭಾಗದಲ್ಲಿ ನೋಡಿದ್ವಿ.

ಮೋಡ ಓದೋದನ್ನ ಶ್ರೀನಿವಾಸಪುರದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಏಪ್ರಿಲ್-ಮೇನಲ್ಲಿ ಮೂಲೆಯಲ್ಲಿ ಕಪ್ಪು ಮೋಡ ಏಳ್ತಿದ್ದ ಹಾಗೇ ಮಾವಿನ ತೋಟದವರ ಎದೆ ಹೊಡ್ಕೊಳ್ಳುತ್ತೆ. ಮಳೆಗಿಂತ ಮುಂಚೆ ಗಾಳಿ ಬರುತ್ತೆ, ಕಾಯಿ ಉದುರುತ್ತೆ ಅಂತ ಗೊತ್ತು. ಕಡಲಲ್ಲೂ ಅಷ್ಟೇ. ಮೋಡದ ಕೆಳಗೆ ನೀರು ಕಪ್ಪಾಗಿ ಕಂಡ್ರೆ ಗಾಳಿ ಬರ್ತಿದೆ. ಮರ ಮಡಚಿಡೋಕೆ ಆಗಲ್ಲ. ಪಟ ಮಡಚಬಹುದು, ಅದೇ ನಮ್ಮ ಪುಣ್ಯ.

ಕಲಿಯೋ ದಾರಿ ಒಂದೇ. 6-7 ನಾಟ್ ಮೆಲುಗಾಳಿಯಲ್ಲಿ ಏರಿಸಿ ಇಳಿಸಿ, ಏರಿಸಿ ಇಳಿಸಿ. ಹತ್ತು ಸಲ. ಐದು ಸಲ ನೀವು ಒಬ್ಬರೇ, ಐದು ಸಲ ನಿಮ್ಮ ಜೊತೆಗಾರರು ಒಬ್ಬರೇ, ಇನ್ನೊಬ್ಬರು ಕೈ ಕಟ್ಟಿ ಕೂತಿರಬೇಕು. ಬೇಜಾರಿನ ಕೆಲಸ, ರೀಲ್ಸಿಗೆ ಒದಗಲ್ಲ. ನನ್ನ ಕೇಳಿದ್ರೆ ನಿಜವಾದ ಸೇಲರ್ ತಯಾರಾಗೋದು ಆ ಮಧ್ಯಾಹ್ನವೇ.

ಯಾವತ್ತಾದ್ರೂ ನಿಮ್ಮಲ್ಲಿ ಒಬ್ಬರು ಕಡಲಲ್ಲಿ ಈ ಪಟ ಏರಿಸ್ತೀರ ಅನ್ನೋ ನಂಬಿಕೆ ನನಗಿದೆ. ಆಗ ನನ್ನ ಟ್ಯಾಗ್ ಮಾಡಿ. ಉಬ್ಬಿದ ಪಟದ ಫೋಟೋ ಬೇಡ, ಅದು ಬೇಕಾದಷ್ಟಿದೆ. ಮುಚ್ಚಿದ ಚೀಲ ಡೆಕ್ಕಿನ ಮೇಲೆ ಬಿದ್ದಿರೋದು, ಪಕ್ಕದಲ್ಲಿ ಇಬ್ಬರೂ ಕೂತಿರೋದು, ಅಂಥದ್ದೊಂದು ಕಳಿಸಿ.

ನೀವಾಗಿದ್ರೆ ಆ ಚೀಟಿಯಲ್ಲಿ ಎಷ್ಟು ನಾಟ್ ಬರೀತಿದ್ರಿ? ಯಾಕೆ? ಕಾಮೆಂಟಲ್ಲಿ ಹೇಳಿ.

#ಹಾಯಿದೋಣಿ #ಸ್ಪಿನ್ನೇಕರ್ #ಇಳಿಸೋದೇವಿದ್ಯೆ #ಕೋಲಾರ #ಮಾಲೂರು #ಮುಳಬಾಗಿಲು #ಶ್ರೀನಿವಾಸಪುರ